ಕಾರವಾರದಲ್ಲಿ ನಲ್ಲಿ ನೀರು ಕೆಟ್ಟರೆ ನಗರಸಭೆ ಏನು ಮಾಡಬೇಕು?

ಮೊದಲು ಜನರಿಗೆ ಹೇಳಬೇಕು. ವರದಿ ಬರಲಿ ಅಂತ ಕಾಯಬಾರದು. ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ ಇ. ಕೋಲಿ. ಅದರ ಪರೀಕ್ಷೆಗೆ ಒಂದು ದಿನವಾದರೂ ಬೇಕು. ಅಷ್ಟರಲ್ಲಿ ಮಕ್ಕಳು ಆ ನೀರು ಕುಡಿದಿರುತ್ತಾರೆ, ಅಲ್ವಾ? ಓಣಿ ಓಣಿಗೆ ಮೈಕ್ ಕಟ್ಟಿದ ಆಟೊ ಕಳಿಸಿ, ಕುದಿಸಿ ಕುಡಿಯಲು ಹೇಳಬೇಕು. ಟ್ಯಾಂಕರ್ ನೀರು ಕೊಡಬೇಕು.

ಆಮೇಲೆ ಎಲ್ಲಿ ಕೆಟ್ಟಿತು ಅಂತ ಹುಡುಕಬೇಕು. ಕಾರವಾರಕ್ಕೆ ನೀರು ಬರುವುದು ಗಂಗಾವಳಿ ಹೊಳೆಯಿಂದ. ಆದರೆ ಒಂದೇ ಓಣಿಯಲ್ಲಿ ವಾಸನೆ ಬಂದರೆ ಹೊಳೆಗಿಂತ ಪೈಪಿನ ಮೇಲೆ ನನಗೆ ಅನುಮಾನ ಜಾಸ್ತಿ. ನೀರು ಬಿಡದ ಹೊತ್ತಿನಲ್ಲಿ ಪೈಪಿನ ಒತ್ತಡ ಇಳಿಯುತ್ತದೆ. ಆಗ ಬಿರುಕಿನಿಂದ ಗಟಾರದ ನೀರು ಒಳಗೆ ಸೇರುತ್ತದೆ. ಸುಮ್ನೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಲದು, ಪೈಪನ್ನೇ ಸರಿಮಾಡಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಿಮ್ಮ ವಾರ್ಡಿನ ಸದಸ್ಯರ ಹತ್ತಿರ ಆ ಅಂಕಿ ಕೇಳಿ.