ಹೊರಗಿಟ್ಟ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಹೇಗೆ?

ಪೆಟ್ಟಿಗೆಯಲ್ಲಿ ಸಣ್ಣ ಬೋರ್ಡು, ಸೆನ್ಸರ್, ಲಿಥಿಯಂ ಬ್ಯಾಟರಿ ಇವೆ, ರಾತ್ರಿ ಮೈನಸ್ 15 ಡಿಗ್ರಿಗೆ ಇಳಿಯುತ್ತದೆ, ಒಳಗೊಂದು ಬಲ್ಬ್ ಉರಿಸಲಾ ಅಂತ ಕೇಳಿದ್ದೀರಿ. ಬಲ್ಬ್ ಬೇಡ. ಯಾವತ್ತೋ ಒಂದು ರಾತ್ರಿ ಸುಟ್ಟುಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಮೊದಲು, ಚಳಿ ತಡೆಯದೆ ಇರುವುದು ಯಾವುದು ನೋಡಿ. ಇಂಡಸ್ಟ್ರಿಯಲ್ ದರ್ಜೆಯ ಚಿಪ್‌ಗಳು ಸಾಮಾನ್ಯವಾಗಿ ಮೈನಸ್ 40ರವರೆಗೂ ನಡೆಯುತ್ತವೆ. ತಕರಾರೆಲ್ಲ ಬ್ಯಾಟರಿಯದ್ದು. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಹಾಗೆ ಹೋದ ಕಸುವು ಮತ್ತೆ ಬರುವುದಿಲ್ಲ. ನಾನೂ ಒಂದು ಸೆಲ್ ಹಾಳು ಮಾಡಿಕೊಂಡೆ. ಬೆಳಗ್ಗೆ ಬಿಸಿಲು ತಾಗಿದ ಕೂಡಲೇ ಸೋಲಾರ್ ಪ್ಯಾನೆಲ್ ಚಾರ್ಜ್ ಶುರು ಮಾಡುತ್ತಿತ್ತು, ಸೆಲ್ ಇನ್ನೂ ಕೊರೆಯುತ್ತಲೇ ಇತ್ತು.

ನಿಮ್ಮದೂ ಸೋಲಾರ್ ಆದರೆ ಹೀಟರ್ ಆಸೆ ಬಿಡಿ. ಲೆಕ್ಕ ನೋಡಿ: 20×20×15 ಸೆಂಟಿಮೀಟರ್ ಪೆಟ್ಟಿಗೆಗೆ ಸುತ್ತಲೂ 25 ಮಿಲಿಮೀಟರ್ ಥರ್ಮಾಕೋಲ್ ಹೊದಿಸಿದರೂ, ಹೊರಗಿಗಿಂತ 20 ಡಿಗ್ರಿ ಜಾಸ್ತಿ ಇಡಲು ಸುಮಾರು 6 ವಾಟ್ ಬೇಕು. 12 ಗಂಟೆಯ ರಾತ್ರಿಗೆ 72 ವಾಟ್-ಅವರ್. ಒಂದು 18650 ಸೆಲ್ಲಿನಲ್ಲಿ (ಬೆರಳುದ್ದದ ಸಾಮಾನ್ಯ ಲಿಥಿಯಂ ಸೆಲ್) ಇರುವುದೇ ಹತ್ತು ಚಿಲ್ಲರೆ! ಅದಕ್ಕೆ ಬದಲು, ಸೆಲ್ಲಿಗೆ ಉಷ್ಣತೆ ಅಳೆಯುವ ಥರ್ಮಿಸ್ಟರ್ ಅಂಟಿಸಿ 0 ಡಿಗ್ರಿ ಕೆಳಗೆ ಚಾರ್ಜ್ ನಿಲ್ಲಿಸುವ ಚಾರ್ಜರ್ ಹಾಕಿ. ನಾನು ಈಗ ಮಾಡಿರುವುದು ಇಷ್ಟೇ.

ಕರೆಂಟ್ ಲೈನ್ ಇದೆಯಾ? ಹಾಗಾದರೆ ಸುಲಭ. 12 ವೋಲ್ಟ್ ಅಡಾಪ್ಟರ್, ಅಲ್ಯೂಮಿನಿಯಂ ಮೈಯ, 25 ವಾಟ್‌ವರೆಗೆ ತಡೆಯುವ 22 ಓಮ್ ರೆಸಿಸ್ಟರ್. ಆರೂವರೆ ವಾಟ್ ಶಾಖ ಬರುತ್ತದೆ. ಅದನ್ನು ಲೋಹದ ತಗಡಿಗೆ ಬೋಲ್ಟ್ ಮಾಡಿ, ಥರ್ಮಾಕೋಲಿಗೆ ತಾಗಿಸಬೇಡಿ, ಕರಗುತ್ತದೆ. 5 ಡಿಗ್ರಿ ಆಸುಪಾಸಿನಲ್ಲಿ ಆನ್ ಆಗುವ ಥರ್ಮೋಸ್ಟಾಟ್ ಇರಲಿ, ಜೊತೆಗೆ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್. ಫ್ಯೂಸ್ ಮಾತ್ರ ಬಿಡಬೇಡಿ.

ಇನ್ನು, ಚಳಿಗಿಂತ ಪಸೆಯೇ ಜಾಸ್ತಿ ಹಾಳು ಮಾಡುತ್ತದೆ. ನಾನು ಮೊದಲ ಸಲ ಪೆಟ್ಟಿಗೆಗೆ ಸುತ್ತ ಸಿಲಿಕೋನ್ ಬಳಿದು ಗಟ್ಟಿಯಾಗಿ ಮುಚ್ಚಿದ್ದೆ. ತಿಂಗಳಾದ ಮೇಲೆ ತೆಗೆದರೆ ಮುಚ್ಚಳದ ಒಳಗೆಲ್ಲ ಹನಿ, ಟರ್ಮಿನಲ್ ಸ್ಕ್ರೂಗಳ ಮೇಲೆ ಹಸಿರು ಕಿಲುಬು. ಒಳಗೆ ಸಿಕ್ಕ ತೇವಕ್ಕೆ ಹೋಗಲು ದಾರಿಯೇ ಇರಲಿಲ್ಲ, ಅಲ್ವಾ? ತಳದಲ್ಲಿ ಒಂದು ಸಣ್ಣ ತೂತು ಬಿಡಿ, ಹುಳ ಬರದಂತೆ ಜಾಲರಿ ಹಾಕಿ. ವೈರ್‌ಗಳನ್ನೂ ಕೆಳಗಿನಿಂದಲೇ ಒಳಗೆ ತನ್ನಿ, ಅದಕ್ಕೆ ಮೊದಲು ಸ್ವಲ್ಪ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಬೇಸಿಗೆ ಬಂದಾಗ ಥರ್ಮಾಕೋಲ್ ಬಿಚ್ಚಲು ಮರೆಯಬೇಡಿ. ಸೆಲ್ಲಿಗೆ ಸೆಕೆಯೂ ಒಳ್ಳೆಯದಲ್ಲ.