ಕೀಲಿ ಕೊಟ್ಟರೆ ಪುಟ್ಟ ಯಾಂತ್ರಿಕ ಹಕ್ಕಿ ಹಾಡುವ ಹಳೆಯ ಪೆಟ್ಟಿಗೆಯಲ್ಲಿ ಹಕ್ಕಿ ಆಡಿದರೂ ದನಿ ಏಕೆ ಹೊರಡುವುದಿಲ್ಲ? ಅಂಥದ್ದನ್ನು ಕೊಳ್ಳಬಹುದೇ?

ಬಹುಮಟ್ಟಿಗೆ ಕಾರಣ ಒಳಗಿನ ಪುಟ್ಟ ತಿದಿ. ಉಳಿದ ಯಂತ್ರ ಮೂಲದ್ದೇ ಆಗಿದ್ದರೆ ಅಂಥ ಪೆಟ್ಟಿಗೆಯನ್ನು ಧೈರ್ಯವಾಗಿ ಕೊಳ್ಳಬಹುದು. ಕೊಕ್ಕು, ರೆಕ್ಕೆಗಳನ್ನು ಆಡಿಸುವುದು ಸ್ಪ್ರಿಂಗಿನ ಬಲದಿಂದ ತಿರುಗುವ ಗಾಲಿಗಳಾದರೆ, ದನಿಗೆ ಬೇಕಾದ ಗಾಳಿಯನ್ನು ಊದುವುದು ತೆಳುವಾದ ಚರ್ಮದ ತಿದಿ. ಆ ಚರ್ಮ ದಶಕಗಳು ಕಳೆದಂತೆ ಒಣಗಿ, ಮಡಿಕೆಗಳಲ್ಲಿ ಬಿರಿದು, ಗಾಳಿಯನ್ನು ಸೋರಬಿಡುತ್ತದೆ.

ಹಾಡು ಹಕ್ಕಿಯ ಕೊರಳಿನಿಂದ ಬರುವುದಿಲ್ಲ. ಕೆಳಗೆ ಅಡಗಿರುವ ಒಂದೇ ಒಂದು ಸೀಟಿಯೊಳಗೆ ದಂಡದಂತಹ ಸಣ್ಣ ಪಿಸ್ಟನ್ ಹಿಂದೆ ಮುಂದೆ ಸರಿಯುತ್ತದೆ. ಗಾಳಿಯ ಕಂಬ ಗಿಡ್ಡವಾದಾಗ ಸ್ವರ ಏರುತ್ತದೆ, ಉದ್ದವಾದಾಗ ಇಳಿಯುತ್ತದೆ. ಪಿಸ್ಟನ್ ಎಷ್ಟು ಸರಿಯಬೇಕು, ಗಾಳಿಯ ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನು ಅಂಚಿನಲ್ಲಿ ಏರುತಗ್ಗುಗಳನ್ನು ಕೊರೆದ ಲೋಹದ ಬಿಲ್ಲೆಗಳು, ಅಂದರೆ ಕ್ಯಾಮ್‌ಗಳು, ನಿರ್ಧರಿಸುತ್ತವೆ. 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಜಾಕೆ-ದ್ರೋ ಕಾರ್ಯಾಗಾರದಂಥವು ಈ ಬಗೆಯ ಸೀಟಿಯನ್ನು ಬಳಸಿದ್ದರಿಂದಲೇ, ಹಲವು ಕೊಳವೆಗಳಿಗೆ ಬೇಕಾಗುತ್ತಿದ್ದ ಜಾಗ ಉಳಿದು, ಇಡೀ ಹಾಡು ನಶ್ಯದ ಡಬ್ಬಿಯೊಳಗೆ ಹಿಡಿಸಿತು.

ಆದ್ದರಿಂದ ತಿದಿಗೆ ಹೊಸ ಚರ್ಮ ಹಾಕಿಸಿರುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅದು ಸವೆಯುವ ಭಾಗ. ಕ್ಯಾಮ್‌ಗಳ ವಿಷಯ ಹಾಗಲ್ಲ: ಹಾಡು ಬರೆದಿರುವುದೇ ಅವುಗಳ ಅಂಚಿನಲ್ಲಿ, ಅವುಗಳನ್ನು ಬದಲಿಸಿದರೆ ಅಥವಾ ಉಜ್ಜಿದರೆ ಮೂಲದ ಹಾಡೇ ಹೋಗುತ್ತದೆ. ದನಿಯಿಲ್ಲದ ಪೆಟ್ಟಿಗೆಗೆ ಮತ್ತೆ ಮತ್ತೆ ಕೀಲಿ ಕೊಟ್ಟು ನೋಡಬೇಡಿ, ತಿದಿಗೂ ಸೀಟಿಗೂ ಎಣ್ಣೆ ಬಿಡಲೇಬೇಡಿ; ಅನುಭವಿ ದುರಸ್ತಿಗಾರರು ಬಿಚ್ಚಿ ನೋಡುವವರೆಗೆ ಅದನ್ನು ಹಾಗೆಯೇ ಇರಿಸಿ.