ಬಿ.ಆರ್ಕ್ ಮುಗಿದಿದೆ, ಮೈಸೂರಿನ ಸಣ್ಣ ಕಚೇರಿಗೆ ಸೇರಿದರೆ ಮನೆ ಪ್ಲಾನು ಬರೆಯುವುದರಲ್ಲೇ ಉಳಿದುಬಿಡುತ್ತೇನೆಯೇ?

ಥೀಸಿಸ್‌ನಲ್ಲಿ, ಅಂದರೆ ಕೊನೆಯ ವರ್ಷದ ವಿನ್ಯಾಸದ ಪ್ರಾಜೆಕ್ಟ್‌ನಲ್ಲಿ, ಮ್ಯೂಸಿಯಂ ಮಾಡಿದ್ದೀರಿ, ನಾಲ್ಕನೆಯ ವರ್ಷದಲ್ಲಿ ವಸತಿ ಸಮುಚ್ಚಯ ಮಾಡಿದ್ದೀರಿ. ಇವುಗಳಲ್ಲಿ ಯಾವುದನ್ನು ಕೆಲಸ ಕೇಳುವಾಗ ತೋರಿಸುವ ನಕ್ಷೆಗಳ ಕಟ್ಟಿನಲ್ಲಿ, ಪೋರ್ಟ್‌ಫೋಲಿಯೊದಲ್ಲಿ, ಮುಂದೆ ಇಡಬೇಕು, ಬೆಂಗಳೂರಿನ ದೊಡ್ಡ ಕಚೇರಿಗೆ ಹೋಗಬೇಕೋ ಅಥವಾ ಮೈಸೂರಿನಲ್ಲೇ ಉಳಿದು ಮೂವತ್ತು–ನಲವತ್ತರ ಸೈಟಿನ ಮನೆಗಳಿಗೆ ಶೌಚಾಲಯದ ನಕ್ಷೆ ಬರೆಯುತ್ತಾ ಕೂರಬೇಕೋ ಎಂದು ಕೇಳಿದ್ದೀರಿ. ಕಾಲೇಜು ಬಿಟ್ಟ ವರ್ಷ ನಾನು ಸಿಕ್ಕಸಿಕ್ಕ ಹಿರಿಯರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯೂ ಇದೇ.

ನಾನು ಮಂಡ್ಯದವನು, ಓದಿದ್ದು ಮೈಸೂರಿನಲ್ಲಿ. ನಮ್ಮ ತರಗತಿಯ ಅನೇಕರು ದೇವರಾಜ ಮಾರುಕಟ್ಟೆಯನ್ನೋ ಲ್ಯಾನ್ಸ್‌ಡೌನ್ ಕಟ್ಟಡವನ್ನೋ ಥೀಸಿಸ್‌ಗೆ ಹಿಡಿದಿದ್ದರು. 2012ರಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ, 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ, ಅವನ್ನು ಉಳಿಸಬೇಕೋ ಕೆಡವಬೇಕೋ ಎಂಬ ವಾದ ಊರಿನಲ್ಲಿ ಮುಗಿದೇ ಇರಲಿಲ್ಲ. ನಾನು ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂದು ನಮ್ಮೂರಿನ ಸಕ್ಕರೆ ಕಾರ್ಖಾನೆಯನ್ನು ಆರಿಸಿಕೊಂಡೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದದ್ದು, ಅದರ ಬೆನ್ನಿಗೆ ಕಬ್ಬು ಬಂದದ್ದು, ಕೃಷಿ ಇಲಾಖೆಯ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಕಾರ್ಖಾನೆ ಶುರುವಾದದ್ದು, ಇವೆಲ್ಲ ಸೇರಿ ಥೀಸಿಸ್ ಪರೀಕ್ಷಿಸುವ ಜ್ಯೂರಿಯ ಮುಂದೆ ಹೇಳಲು ಸೊಗಸಾದ ಕಥೆಯಿತ್ತು. ಹಳೆಯ ಯಂತ್ರಗಳ ನಡುವೆ ಎತ್ತರದಲ್ಲಿ ಸಾಗುವ ನಡಿಗೆದಾರಿ, ಕಬ್ಬಿನ ಗದ್ದೆಯತ್ತ ತೆರೆದುಕೊಳ್ಳುವ ಗ್ಯಾಲರಿ, ಮೇಲೆ ಉಕ್ಕಿನ ಹಗುರ ಚಾವಣಿ. ಒಳ್ಳೆಯ ಅಂಕ ಬಂತು. ಕೆಲಸ ಕೇಳಲು ಹೋದ ಮೊದಲ ಕಚೇರಿಯ ಹಿರಿಯರು ಆ ಹಾಳೆಗಳನ್ನು ಸಮಾಧಾನದಿಂದ ತಿರುವಿ, “ಈ ಚಾವಣಿಯ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ?” ಎಂದು ಮಾತ್ರ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಕೆಲಸ ಕೊಟ್ಟರು, ಸಂಬಳ ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಮೊದಲ ಬಾರಿಗೆ ಪೂರ್ತಿಯಾಗಿ ನನ್ನ ಕೈಗೆ ಬಂದದ್ದು ಮಂಡ್ಯದ ಹೊಸ ಬಡಾವಣೆಯೊಂದರಲ್ಲಿ ಕಟ್ಟುತ್ತಿದ್ದ, 30×40 ಅಡಿ ಸೈಟಿನ ಎರಡಂತಸ್ತಿನ ಮನೆ. ಗೋಡೆ ಮೇಲೆದ್ದಿತ್ತು, ಮೊದಲ ಅಂತಸ್ತಿನ ಸ್ಲ್ಯಾಬ್ ಹಾಕಿ ಆಗಿತ್ತು. ಮೆಟ್ಟಿಲಿನ ಕಾಂಕ್ರೀಟಿಗೆ ಅಚ್ಚಾಗುವ ಹಲಗೆಗಳನ್ನು, ಸೆಂಟ್ರಿಂಗ್, ಹೊಡೆಯುವ ದಿನ, ಇಟ್ಟಿಗೆ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಲು ಹೊರಟಿದ್ದ ಮೇಸ್ತ್ರಿ ಕೈ ತಡೆದು ನನ್ನನ್ನು ಕೇಳಿದರು: “ಸಾ, ಕೆಳಗೆ ನೆಲ ಎಷ್ಟು ಬತ್ತದೆ, ಮ್ಯಾಲೆ ಎಷ್ಟು ಬತ್ತದೆ? ಯೋಳ್ಬುಡಿ, ಅದ್ನ ನೋಡ್ಕಂಡು ಮಾರ್ಕ್ ಆಕ್ತೀನಿ.” ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನುವುದನ್ನು ತೋರಿಸಿಕೊಳ್ಳಲು ಮನಸ್ಸಾಗಲಿಲ್ಲ. “ಡ್ರಾಯಿಂಗ್‌ನಲ್ಲಿ ಇದೆಯಲ್ಲ, 175 ಮಿ.ಮೀ.ನಂತೆ ಹದಿನೆಂಟು ಮೆಟ್ಟಿಲು, ಹಾಗೆಯೇ ಹಾಕಿ” ಎಂದೆ. ಅವರು ಎರಡು ಕ್ಷಣ ನನ್ನ ಮುಖ ನೋಡಿ, ವಾದ ಮಾಡದೆ, ಹೇಳಿದಂತೆಯೇ ಹಾಕಿದರು.

ಇಲ್ಲಿ ಏನಾಯಿತು ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ, ಬೇಸರಿಸಬೇಡಿ. ನನ್ನ ನಕ್ಷೆಯಲ್ಲಿ ಕೆಳಗಿನ ಕಾಂಕ್ರೀಟ್ ಹಾಸಿನಿಂದ ಮೇಲಿನ ಸ್ಲ್ಯಾಬಿನ ಮೇಲ್ಮೈವರೆಗೆ 3150 ಮಿ.ಮೀ. ಇತ್ತು, ಹದಿನೆಂಟರಿಂದ ಭಾಗಿಸಿದರೆ ಸರಿಯಾಗಿ 175. ಆದರೆ ಅದು ಬರಿಯ ಕಾಂಕ್ರೀಟಿನ ಲೆಕ್ಕ. ಕಾಂಕ್ರೀಟಿನ ಮೇಲೆ ನೆಲಹಾಸು ಬರಬೇಕು, ಅದು ಎಲ್ಲ ಕಡೆಯೂ ಒಂದೇ ದಪ್ಪ ಬರುವುದಿಲ್ಲ. ಕೆಳ ಅಂತಸ್ತಿನಲ್ಲಿ ಗಾರೆ ಮತ್ತು ಕಲ್ಲು ಸೇರಿ 75 ಮಿ.ಮೀ. ಬಂತು. ಮೆಟ್ಟಿಲುಗಳ ಮೇಲೆ ಗ್ರಾನೈಟ್ ಸೇರಿ 40 ಬಂತು. ಮೇಲಂತಸ್ತಿನಲ್ಲಿ ಟೈಲ್ಸ್ ಸೇರಿ 50 ಬಂತು. ಈಗ ನೀವೇ ಕೂಡಿ ಕಳೆದು ನೋಡಿ. ಮೊದಲ ಮೆಟ್ಟಿಲ ತಲೆ 175ಕ್ಕೆ 40 ಸೇರಿ 215ರಲ್ಲಿ ನಿಂತಿತು, ನೆಲ 75ಕ್ಕೆ ಏರಿತು. ಹಾಗಾಗಿ ಮೊದಲ ಮೆಟ್ಟಿಲಿನ ಎತ್ತರ 140 ಮಾತ್ರ. ನಡುವಿನವೆಲ್ಲ 175. ತುತ್ತತುದಿಯದು, ಅಂದರೆ ಹದಿನೇಳನೆಯ ಮೆಟ್ಟಿಲಿನಿಂದ ಮೇಲಂತಸ್ತಿನ ನೆಲಕ್ಕೆ, 185. ಮಾಡಬೇಕಾಗಿದ್ದದ್ದು ಇಷ್ಟೇ: ಮುಗಿದ ನೆಲದಿಂದ ಮುಗಿದ ನೆಲಕ್ಕೆ ಅಳೆದು ಭಾಗಿಸಿ, ಆಮೇಲೆ ಪ್ರತಿಯೊಂದು ಕಡೆ ಹಾಸಿನ ದಪ್ಪವನ್ನು ಕಳೆದು ಕಾಂಕ್ರೀಟಿನ ಗುರುತು ಹಾಕಬೇಕಿತ್ತು. ಮೇಸ್ತ್ರಿ ಕೇಳಿದ್ದು ಅದನ್ನೇ, ಅದೂ ಸರಿಯಾದ ಹೊತ್ತಿನಲ್ಲಿ, ಪೆನ್ಸಿಲ್ ಗೋಡೆಗೆ ತಾಗುವ ಮೊದಲು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲಿನ ಎತ್ತರಕ್ಕೆ ಇಟ್ಟಿರುವ ಮಿತಿ 190 ಮಿ.ಮೀ. ನನ್ನ ಮೂರು ಎತ್ತರಗಳೂ ಅದರೊಳಗೇ ಇದ್ದವು; ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಕಷ್ಟವೆಲ್ಲ ಅವು ಒಂದರ ಪಕ್ಕ ಒಂದು ಬಂದದ್ದರಲ್ಲಿತ್ತು. ಹತ್ತುವಾಗ ಕಾಲು ಮೊದಲ ಮೆಟ್ಟಿಲಲ್ಲಿ ಎತ್ತರವನ್ನು ಕಲಿತುಕೊಂಡು ಮುಂದಿನವಕ್ಕೂ ಅಷ್ಟನ್ನೇ ಎತ್ತುತ್ತದೆ. 140 ಕಲಿತ ಕಾಲಿಗೆ 175 ಎದುರಾದರೆ ಹೆಬ್ಬೆರಳು ಕಲ್ಲಿಗೆ ಬಡಿಯುತ್ತದೆ. ಇಳಿಯುವಾಗ ಇದು ತಿರುವುಮುರುವು: ಇನ್ನೂ ಕೆಳಗಿದೆ ಎಂದುಕೊಂಡ ನೆಲ ಮೊದಲೇ ಬಂದು ಮಂಡಿಗೆ ಕುಟ್ಟುತ್ತದೆ. ಗೃಹಪ್ರವೇಶಕ್ಕೆ ಮುಂಚೆ ಮನೆ ನೋಡಲು ಬಂದ ಮಾಲೀಕರ ತಾಯಿ ಗೋಡೆ ಹಿಡಿದು ಎರಡು ಸಲ ಹತ್ತಿ ಇಳಿದರು, ಎರಡು ಸಲವೂ ಒಂದೇ ಜಾಗದಲ್ಲಿ ಎಡವಿದರು. “ಈ ಮೆಟ್ಲು ಕಾಲ್ಗೆ ಸಿಕ್ಕಾಕಿಲ್ಲ ಕಣಪ್ಪ” ಎಂದರು. ನಾನು ಟೇಪು ತೆಗೆದು ಅಳೆದದ್ದು ಆಗ.

ಸರಿಪಡಿಸಿದ್ದು ಅದೇ ಮೇಸ್ತ್ರಿ. ಮುಗಿದ ನೆಲದಿಂದ ನೆಲಕ್ಕೆ ಇದ್ದ 3125 ಮಿ.ಮೀ. ಅನ್ನು ಹದಿನೆಂಟರಿಂದ ಭಾಗಿಸಿದರೆ ಹತ್ತಿರ ಹತ್ತಿರ 174 ಬರುತ್ತದೆ. ಕಾಂಕ್ರೀಟ್ ಒಡೆಯಬೇಕಾಗಲಿಲ್ಲ, ಹಾಕಿದ ಗ್ರಾನೈಟನ್ನೆಲ್ಲ ಎಬ್ಬಿಸಿ, ಮೊದಲ ಮೆಟ್ಟಿಲಿಗೆ ಗಾರೆ ಮತ್ತು ಕಲ್ಲು ಸೇರಿ 74, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ತೆಳುವಾಗಿಸಿ ಕೊನೆಯದಕ್ಕೆ 51 ಬರುವಂತೆ, ನಡುವಿನ ಲ್ಯಾಂಡಿಂಗನ್ನೂ ಅದೇ ಲೆಕ್ಕಕ್ಕೆ ತಂದು ಮತ್ತೆ ಕೂರಿಸಿದರು. ಪ್ರತಿ ಮೆಟ್ಟಿಲಿಗೂ ರಸಮಟ್ಟ ಇಟ್ಟು, ಕರಣೆಯ ಹಿಡಿಯಿಂದ ಕಲ್ಲಿನ ನಾಲ್ಕು ಮೂಲೆ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ಎತ್ತಿ ಇನ್ನೊಂದು ಕರಣೆ ಗಾರೆ ಹಾಕುತ್ತಿದ್ದರು. ಎಬ್ಬಿಸುವಾಗ ಕೆಲವು ಕಲ್ಲು ಒಡೆದವು, ರೇಲಿಂಗ್ ಬಿಚ್ಚಬೇಕಾಯಿತು. ಖರ್ಚನ್ನು ಕಚೇರಿ ಹೊತ್ತುಕೊಂಡಿತು. ನನಗಾದ ನಷ್ಟ ಬೇರೆ: ಮಾಲೀಕರ ತಮ್ಮನ ಸೈಟು ಪಕ್ಕದಲ್ಲೇ ಇತ್ತು, ಅದೂ ನಮಗೇ ಬರುವುದಿತ್ತು, ನಾನು ಅದಕ್ಕೆ ಎರಡು ಬಗೆಯ ಪ್ಲಾನು ಬರೆದೂ ಇಟ್ಟಿದ್ದೆ. ಅವರು ಬೇರೊಬ್ಬ ಎಂಜಿನಿಯರರ ಬಳಿ ಹೋದರು. ಆ ಮೇಲೆ ಬಹಳ ಕಾಲ ಕಚೇರಿಯಲ್ಲಿ ಯಾವ ಮನೆಯನ್ನೂ ನನ್ನೊಬ್ಬನ ಕೈಗೆ ಕೊಡಲಿಲ್ಲ.

ಐದು ವರ್ಷ ಓದಿದವನಿಗೆ ಇದು ಹೇಗೆ ಗೊತ್ತಿರಲಿಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು, ಕಟ್ಟಡ ನಿರ್ಮಾಣದ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಹಗಲುರಾತ್ರಿ ಕುಳಿತು ಮಾಡುತ್ತಿದ್ದ ಡಿಸೈನ್ ಪ್ರಾಜೆಕ್ಟುಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ಥೀಸಿಸ್‌ನ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಕತ್ತರಿಸಿದಂತೆ ತೋರಿಸುವ ನಕ್ಷೆ, 1:200ರ ಅಳತೆಯಲ್ಲಿತ್ತು. ಆ ಅಜ್ಜಿಯ ಕಾಲಿಗೆ ಸಿಕ್ಕದ 35 ಮಿ.ಮೀ. ಆ ಹಾಳೆಯಲ್ಲಿ 0.175 ಮಿ.ಮೀ. ಆಗುತ್ತದೆ, ನೆಲ ಎಂದು ನಾನು ಎಳೆಯುತ್ತಿದ್ದ ಕಪ್ಪು ಗೆರೆಯೇ ಅದಕ್ಕಿಂತ ದಪ್ಪವಾಗಿತ್ತು. ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕಟ್ಟಡ ದೊಡ್ಡದಾಗುತ್ತಾ ಹೋಗುತ್ತದೆ: ಮನೆ, ಶಾಲೆ, ಆಸ್ಪತ್ರೆ, ಸಮುಚ್ಚಯ, ಮ್ಯೂಸಿಯಂ. ಹಾಳೆ ಮಾತ್ರ ಅಷ್ಟೇ ಇರುವುದರಿಂದ ಕಟ್ಟಡ ದೊಡ್ಡದಾದಷ್ಟೂ ನಾವು ಅದರಿಂದ ದೂರ ಸರಿಯುತ್ತೇವೆ. ಆಟೋಕ್ಯಾಡ್‌ನಲ್ಲಿ ನಿಜ ಅಳತೆಯಲ್ಲೇ ಬರೆಯುತ್ತೇವಲ್ಲ ಎನ್ನಬೇಡಿ. ಹತ್ತಿರ ಹೋಗಿ ನೋಡುವ ಅಭ್ಯಾಸವಿಲ್ಲದವನಿಗೆ ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಅಲ್ಲಿ ಕಾಣುವುದು ಒಂದು ಗೆರೆಯೇ.

ಆದ್ದರಿಂದ ಮ್ಯೂಸಿಯಮ್ಮೋ ವಸತಿ ಸಮುಚ್ಚಯವೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎರಡನ್ನೂ ನಾಲ್ಕು ಪುಟಕ್ಕೆ ಇಳಿಸಿ. ಎರಡನೆಯ ವರ್ಷದಲ್ಲಿ ಮಾಡಿದ ಸಣ್ಣ ಮನೆಯನ್ನು ಹೊರತೆಗೆದು, ಅದರ ಮೆಟ್ಟಿಲು, ಒಂದು ಕಿಟಕಿ, ಒಂದು ಶೌಚಾಲಯ, ಇಷ್ಟನ್ನು 1:20ರಲ್ಲಿ ಹೊಸದಾಗಿ ಬರೆಯಿರಿ: ನೆಲದ ಪದರಗಳು, ಕಿಟಕಿಯ ಮೇಲಿನ ಛಜ್ಜಾದ ಅಂಚಿನಲ್ಲಿ ನೀರು ಒಳಕ್ಕೆ ಹರಿಯದಂತೆ ಕೊರೆದ ಕಾಲುವೆ, ಕಿಟಕಿಯ ಹೊಸ್ತಿಲ ಇಳಿಜಾರು, ಎಲ್ಲವೂ ಇರಲಿ. ಜೊತೆಗೆ ಮೂರನೆಯ ವರ್ಷದಲ್ಲಿ ಹಳ್ಳಿಯ ಮನೆಯೊಂದನ್ನು ಅಳೆದು ಬರೆದಿರುತ್ತೀರಲ್ಲ, ಅದನ್ನು ಖಂಡಿತ ಇಡಿ. ನಾವು ಅಳೆದದ್ದು ಮಂಡ್ಯ ಜಿಲ್ಲೆಯ ಒಂದು ತೊಟ್ಟಿ ಮನೆಯನ್ನು. ದಪ್ಪ ಮಣ್ಣಿನ ಗೋಡೆ, ತೊಟ್ಟಿಯ ಸುತ್ತ ಮರದ ಕಂಬ, ನಾಡಹೆಂಚಿನ ನಾಲ್ಕು ಇಳಿಜಾರುಗಳೂ ಒಳಕ್ಕೆ ನೀರು ಸುರಿಸುವ ಚಾವಣಿ, ಆ ನೀರು ಹೊರಗೆ ಹೋಗಲು ಕಲ್ಲಿನ ಬಚ್ಚಲುದಾರಿ. ಟೇಪಿನ ಒಂದು ತುದಿ ನನ್ನ ಕೈಯಲ್ಲಿದ್ದಾಗ ಜಗಲಿಯ ಎತ್ತರ, ಹೊಸ್ತಿಲ ಎತ್ತರ ಎಲ್ಲ ನಿಜವಾದ ಅಳತೆಗಳಾಗಿದ್ದವು. ನಾನು ಅದನ್ನು ಪೋರ್ಟ್‌ಫೋಲಿಯೊದಿಂದ ಕೈಬಿಟ್ಟಿದ್ದೆ, ಅದು ನನ್ನ ಡಿಸೈನ್ ಅಲ್ಲವೆಂದು! ಮಳೆನೀರಿನ ಪ್ರಶ್ನೆಗೆ ಉತ್ತರವಿದ್ದ ಪ್ರಾಜೆಕ್ಟ್ ಅದೊಂದೇ.

ಶೌಚಾಲಯದ ನಕ್ಷೆ ಬರೆಯುವುದನ್ನು ನೀವು ಶಿಕ್ಷೆ ಎಂಬಂತೆ ಬರೆದಿದ್ದೀರಿ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸ್ಲ್ಯಾಬ್ ಎಷ್ಟು ತಗ್ಗಬೇಕು, ಪೈಪು ಎಲ್ಲಿ ಇಳಿಯಬೇಕು, ನೆಲ ಯಾವ ಕಡೆ ವಾಲಬೇಕು, ಬಾಗಿಲ ಬಳಿ ನೀರು ನಿಲ್ಲದಿರಲು ಎಷ್ಟು ಅಂತರ ಬೇಕು, ಎಂಟಡಿ ಉದ್ದ ಐದಡಿ ಅಗಲದೊಳಗೆ ಇಡೀ ಕಟ್ಟಡಶಾಸ್ತ್ರವಿದೆ. ಬೆಂಗಳೂರಿನ ದೊಡ್ಡ ಕಚೇರಿಯಲ್ಲೂ ಮೊದಲ ವರ್ಷ ನಿಮ್ಮ ಪಾಲಿಗೆ ಬರುವುದು ಬಹುಮಟ್ಟಿಗೆ ಇದೇ. ಆದರೆ ಅಲ್ಲಿ ಬರೆದದ್ದು ಇಪ್ಪತ್ತನೆಯ ಅಂತಸ್ತಿನಲ್ಲಿ ಯಾರೋ ಕಟ್ಟುತ್ತಾರೆ, ನೀವು ನೋಡುವುದಿಲ್ಲ. ಇಲ್ಲಿ ಬೆಳಿಗ್ಗೆ ಬರೆದದ್ದನ್ನು ಸಂಜೆ ಸ್ಕೂಟರಿನಲ್ಲಿ ಹೋಗಿ ನೋಡಬಹುದು, ಬೈಸಿಕೊಳ್ಳಲೂಬಹುದು. ಬೆಂಗಳೂರಿಗೆ ಆಮೇಲೆ ಹೋಗಿ, ಯಾರೂ ತಡೆಯುವುದಿಲ್ಲ.

ಇಲ್ಲಿನವರು ಎಂಜಿನಿಯರರ ಬಳಿಯೇ ಪ್ಲಾನು ಮಾಡಿಸುತ್ತಾರೆ, ನಮಗೆ ಜಾಗವೆಲ್ಲಿ ಎಂಬ ಅಳಲೂ ನಿಮ್ಮ ಪ್ರಶ್ನೆಯಲ್ಲಿದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು ಆರ್ಕಿಟೆಕ್ಟ್ ಎಂಬ ಬಿರುದನ್ನೇ ಹೊರತು ಮನೆ ವಿನ್ಯಾಸ ಮಾಡುವ ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೆಯೇ ಹೇಳಿದೆ. ಹಾಗಾಗಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯನ್ನು ತಡಮಾಡದೆ ಮಾಡಿಸಿಕೊಳ್ಳಿ, ಅದಿಲ್ಲದೆ ಆರ್ಕಿಟೆಕ್ಟ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಆದರೆ ಅದರಿಂದಲೇ ಕೆಲಸ ಹುಡುಕಿಕೊಂಡು ಬರುತ್ತದೆಂದು ಕಾಯಬೇಡಿ. ನನ್ನ ಕೈತಪ್ಪಿದ ಆ ಪಕ್ಕದ ಮನೆಯನ್ನು ಎಂಜಿನಿಯರರು ಕಟ್ಟಿಸಿದರು. ಅದರ ಕೋಣೆಗಳಿಗೆ ಗಾಳಿ ಬೆಳಕು ಸಾಲದು ಎಂದು ನಾನು ಈಗಲೂ ವಾದಿಸಬಲ್ಲೆ, ಆದರೆ ಮೆಟ್ಟಿಲು ಹದಿನೆಂಟೂ ಸಮ ಇವೆ.

ಮಾಸ್ಟರ್ಸ್ ಬಗ್ಗೆ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಒಂದು ಮನೆ ಪಾಯದಿಂದ ಗೃಹಪ್ರವೇಶದವರೆಗೆ ನೋಡಿದ ಮೇಲೆ ಯೋಚಿಸಿ. ಕೆಲಸ ಕೇಳುವುದಿದ್ದರೆ ಆಷಾಢದಲ್ಲಿ ಹೋಗಿ. ಆ ತಿಂಗಳು ಗುದ್ದಲಿ ಪೂಜೆಗಳು ಇರುವುದಿಲ್ಲ, ಕಚೇರಿಯ ಹಿರಿಯರು ಸೈಟು ಬಿಟ್ಟು ಮೇಜಿನ ಮುಂದೆ ಸಿಗುತ್ತಾರೆ, ಶ್ರಾವಣಕ್ಕೆ ಶುರುವಾಗಬೇಕಾದ ಮನೆಗಳ ನಕ್ಷೆಗಳು ರಾಶಿ ಬಿದ್ದು ಕೈ ಸಾಲದೆ ಇರುತ್ತದೆ. 1:20ರ ಆ ಹಾಳೆಗಳನ್ನು ಮೇಲೆ ಇಟ್ಟುಕೊಂಡು ಹೋಗಿ, ಮ್ಯೂಸಿಯಂ ಕೆಳಗಿರಲಿ, ಕೇಳಿದರೆ ತೋರಿಸಿ.